ವಿಜಯಾ ಅವರ ಇಪ್ಪತ್ತೊಂದು ರೆಕಾರ್ಡಿಂಗು

ಶೇಖಪ್ಪನ ಕಂಪ್ಯೂಟರ್ ಅಂಗಡಿಯಿಂದ ತಂದ ಹಳೇ ಲ್ಯಾಪ್‌ಟಾಪಿಗೆ ಮುನ್ನೂರ ಐವತ್ತು ಡಾಲರು. ಸೀರೆಯ ಅಂಚಿಗೆ ಸಿಕ್ಕಿಸಿಕೊಳ್ಳುವ ಮೈಕಿಗೆ ಹದಿನೆಂಟು. ವಿಂಡೋಸ್ ಕೊಂಡಿದ್ದರೆ ಇನ್ನೂರರ ಮೇಲಾಗುತ್ತಿತ್ತು. ಅದರ ಬದಲು ಚಂದ್ರಮೋಹನ ಹಾಕಿಕೊಟ್ಟ ಲಿನಕ್ಸಿಗೆ ಸೊನ್ನೆ. ಅದರ ಸಿ.ಡಿ. ಕೂಡ ಅಂಚೆಯಲ್ಲಿ ಪುಕ್ಕಟೆ ಬಂದಿತ್ತು.

"ಇನ್ನೂರು ಡಾಲರು ಯಾಕ್ ಸರ್ ಸುಮ್ನೆ ಸುರೀತೀರಾ? ಇದು ಜಗತ್ತಿನ ಜನ ಎಲ್ಲಾ ಸೇರಿ ಬರೆದು ಹಂಚ್ತಾ ಇರೋದು. ವೈರಸ್ಸೂ ಬರಲ್ಲ. ಏನಾದ್ರೂ ಆದ್ರೆ ನಾನಿಲ್ವಾ?" ಎಂದಿದ್ದ ಚಂದ್ರಮೋಹನ.

ಆ ಕೊನೆಯ ಮಾತನ್ನು ನಂಬಿ ಶಿವಾನಂದರು ತಲೆಯಾಡಿಸಿದ್ದರು. ಧಾರವಾಡದ ಕಡೆಯ ಇಂಜಿನಿಯರು, ಅರವತ್ತೊಂಬತ್ತನೇ ಇಸವಿಯಲ್ಲಿ ಟೊರೊಂಟೊಗೆ ಬಂದವರು, ಈಗ ನಿವೃತ್ತರಾಗಿ ಹೆಂಡತಿ ವಿಜಯಾ ಜೊತೆ ಹತ್ತಿರದ ವಿಟ್ಬಿಯಲ್ಲಿದ್ದರು. ಲ್ಯಾಪ್‌ಟಾಪು ಬೇಕಾಗಿದ್ದು ವಿಜಯಾಗೆ. ಗಂಟಲಲ್ಲಿ ಗಡ್ಡೆ. ಎರಡು ಸಾವಿರದ ಏಳರ ಮಾರ್ಚಿನಲ್ಲಿ ಆಪರೇಷನ್ನು. ದನಿಪೆಟ್ಟಿಗೆಯನ್ನೇ ತೆಗೆಯಬೇಕು, ಆಮೇಲೆ ಮಾತಿಲ್ಲ ಎಂದು ಡಾಕ್ಟರು ಬಿಡಿಸಿ ಹೇಳಿದ್ದರು. ಮಗಳು ನೀನಾ ವ್ಯಾಂಕೂವರಿನಲ್ಲಿ ಚೊಚ್ಚಲ ಬಸುರಿ. ಹುಟ್ಟುವ ಮಗು ಅಜ್ಜಿಯ ದನಿ ಕೇಳಲಿ ಎಂದು ವಿಜಯಾ ಮೂರು ವಾರ, ದಿನಕ್ಕೊಂದರಂತೆ, ಅಡುಗೆಮನೆಯ ಮೇಜಿನ ಮುಂದೆ ಕೂತು ಮಾತಾಡಿದರು. ನೀರು ಕಣ್ಣಿಗೆ ಹೋಗದಂತೆ ಮಗುವಿಗೆ ಎರೆಯುವುದು ಹೇಗೆ, ತಮ್ಮ ಅವ್ವ ಸುಶೀಲವ್ವ ಸೋದರಮಾವನ ಕೋಟಿಗೆ ಸಗಣಿ ಬಳಿದದ್ದು ಯಾಕೆ, ಹಿಮ ಮೊದಲ ಸಲ ನೋಡಿದಾಗ ಶಿವಾನಂದರು ಜಾರಿ ಬಿದ್ದು ಅತ್ತದ್ದು. ಒಟ್ಟು ಇಪ್ಪತ್ತೊಂದು ರೆಕಾರ್ಡಿಂಗು, ಹತ್ತಿರ ಹತ್ತಿರ ಒಂಬತ್ತು ಗಂಟೆ. ಮರುವಾರ ಆಪರೇಷನ್ನು. ಆಮೇಲೆ ಅವರ ಕೈಯಲ್ಲಿ ಒಂದು ಬಿಳಿ ಹಲಗೆ, ಒಂದು ಮಾರ್ಕರು.

ಜೂನಿನಲ್ಲಿ ಶಿವಾನಂದರ ಫೋನು ಬಂತು.

"ಏನಪಾ ಚಂದ್ರಮೋಹನ, ಅದೇನೋ ಅಪ್‌ಡೇಟ್ ಮಾಡು ಅಂತ ಕೇಳ್ತು, ಹೂಂ ಅಂದೆ. ಈಗ ಸೌಂಡೇ ಬರವಲ್ದು. ಬರೋ ತಿಂಗಳು ನೀನಾ ಕೂಸಿನ ಕರಕೊಂಡು ಬರ್ತಾಳ."

"ನೋಡ್ತೀನಿ ಬಿಡಿ ಸರ್" ಎಂದ ಚಂದ್ರಮೋಹನ.

ಈ 'ನೋಡ್ತೀನಿ ಬಿಡಿ' ಅವನಿಗೆ ಒಂಬತ್ತು ವರ್ಷದ ಚಾಳಿ. ಮೈಸೂರಿನವನು, ತೊಂಬತ್ತೆಂಟರಲ್ಲಿ ಕಂಪ್ಯೂಟರುಗಳಲ್ಲಿ ಎರಡು ಸಾವಿರದ ಇಸವಿಯ ತಾರೀಖು ಸರಿಮಾಡುವ ಕೆಲಸಕ್ಕೆ ಬಂದು ಬ್ಯಾಂಕೊಂದರಲ್ಲಿ ಉಳಿದುಕೊಂಡವನು. ಅವನು ಪ್ರೋಗ್ರಾಮು ಬರೆಯುತ್ತಿದ್ದ ಬ್ಯಾಂಕಿನ ದೊಡ್ಡ ಕಂಪ್ಯೂಟರನ್ನು ಅವನೇ ಕಣ್ಣಲ್ಲಿ ಕಂಡಿರಲಿಲ್ಲ. ಅದಕ್ಕೆ ಸ್ಪೀಕರೂ ಇಲ್ಲ, ಸೌಂಡೂ ಇಲ್ಲ. ಆದರೆ ಎಲ್ಲರೂ ಒಂದೊಂದು ಅಡುಗೆ ತಂದು ಉಣ್ಣುವ ಕನ್ನಡ ಸಂಘದ ಪಾಟ್‌ಲಕ್ಕಿನಲ್ಲಿ ಬಿಸಿಬೇಳೆಭಾತಿನ ಸಾಲಲ್ಲಿ ನಿಂತವರಿಗೆಲ್ಲ ಅವನು 'ಕಂಪ್ಯೂಟರ್ ಚಂದ್ರಮೋಹನ'. ಯಾರದೋ ಪ್ರಿಂಟರು, ಯಾರದೋ ಮೋಡೆಮ್ಮು. ಹತ್ತರಲ್ಲಿ ಏಳು ತಂತಿ ಕಿತ್ತು ಮತ್ತೆ ಸಿಕ್ಕಿಸಿದರೇ ಸರಿಹೋಗುತ್ತಿದ್ದವು. 'ನನಗೆ ಗೊತ್ತಿಲ್ಲ' ಎಂಬ ಮಾತು ಅವನ ಬಾಯಿಂದ ಒಂದು ಸಲವೂ ಹೊರಟಿರಲಿಲ್ಲ.

ಲ್ಯಾಪ್‌ಟಾಪು ತಂದು ಶನಿವಾರ ಬೆಳಿಗ್ಗೆ ಮಿಲ್ಟನ್ನಿನ ತನ್ನ ಮನೆಯ ಊಟದ ಮೇಜಿನ ಮೇಲಿಟ್ಟ. ವಾಲ್ಯೂಮು ಪೂರ್ತಿ ಏರಿಸಿದ. ಮುಚ್ಚಿ ತೆರೆದ. ಇಂಟರ್‌ನೆಟ್ಟಿನಲ್ಲಿ ಒಬ್ಬ ಜರ್ಮನಿಯವನು ಹೇಳಿದ ನಾಲ್ಕು ಸಾಲು ಟೈಪು ಮಾಡಿದ, ಬ್ರೆಜಿಲಿನವನು ಹೇಳಿದ ಆರು ಸಾಲು ಟೈಪು ಮಾಡಿದ. ಒಂದರ ಅರ್ಥವೂ ತಿಳಿದಿರಲಿಲ್ಲ. ಹನ್ನೊಂದರ ಹೊತ್ತಿಗೆ ಪರದೆಯ ಮೂಲೆಯಲ್ಲಿದ್ದ ಸ್ಪೀಕರಿನ ಚಿತ್ರವೇ ಮಾಯವಾಯಿತು.

ಹೆಂಡತಿ ಪದ್ಮಾ ಸೊಪ್ಪು ಬಿಡಿಸುತ್ತ ಎದುರು ಕೂತಿದ್ದಳು. "ನಿಮ್ಮ ಆಫೀಸಿನ ಆದಿತ್ಯ ದಿನಾ ಇದನ್ನೇ ಯೂಸ್ ಮಾಡ್ತಾನೆ ಅಂದಿದ್ರಲ್ಲ. ಒಂದು ಫೋನ್ ಹಾಕಿ."

"ಅವನು ಕೆಲಸಕ್ಕೆ ಸೇರಿ ವರ್ಷ ಆಗಿಲ್ಲ ಕಣೆ. ಅವನನ್ನ ನಾನು ಕೇಳ್ಬೇಕಾ?"

"ಸೀನಿಯಾರಿಟಿ ನೋಡ್ಕೊಂಡು ಮಾತಾಡತ್ತಾ ಸ್ಪೀಕರು?"

"ನೀನು ಸೊಪ್ಪು ಬಿಡಿಸು."

ಎಲ್ಲ ಅಳಿಸಿ ಲಿನಕ್ಸನ್ನು ಹೊಸದಾಗಿ ಹಾಕಿಬಿಡುವುದೇ ಸರಿ ಎಂದುಕೊಂಡ. ಎಚ್ಚರಿಕೆ ಇಲ್ಲದವನೇನಲ್ಲ, ಮೊದಲು ರೆಕಾರ್ಡಿಂಗುಗಳನ್ನು ಪೆನ್‌ಡ್ರೈವಿಗೆ ತೆಗೆದಿಡಬೇಕು ಅನ್ನುವುದು ಗೊತ್ತಿತ್ತು. ನೋಡಿದ: ಒಂದರಿಂದ ಇಪ್ಪತ್ತೊಂದರವರೆಗೆ ವಿಜಯಾ ಹೆಸರಿಟ್ಟ ಫೈಲುಗಳು. ಪ್ರತಿಯೊಂದರ ಪಕ್ಕ ಅದೇ ಹೆಸರಿನ ಒಂದು ಫೋಲ್ಡರು. ಅದರೊಳಗೆ ತಲೆಬುಡವಿಲ್ಲದ ಹೆಸರಿನ ನೂರಾರು ಚೂರು. ರೆಕಾರ್ಡು ಮಾಡುವ ಪ್ರೋಗ್ರಾಮು ಬಿಟ್ಟುಹೋದ ಕಸ ಎಂದುಕೊಂಡ. ಇಪ್ಪತ್ತೊಂದು ಫೈಲುಗಳನ್ನು ಮಾತ್ರ ನಕಲು ಮಾಡಿದ. ಒಂಬತ್ತು ಗಂಟೆಯ ಮಾತು ಕಣ್ಣು ಮಿಟುಕಿಸುವಷ್ಟರಲ್ಲಿ ನಕಲಾಯಿತು. ಅಷ್ಟು ದೊಡ್ಡದು ಇಷ್ಟು ಬೇಗ ಹೇಗೆ ಎಂದು ಅಲ್ಲೇ ಅವನು ತಡೆದು ನಿಲ್ಲಬೇಕಿತ್ತು. ನಿಲ್ಲಲಿಲ್ಲ.

ಅಳಿಸಿದ. ಹೊಸದಾಗಿ ಹಾಕಿದ. ಸೌಂಡು ಬರಲಿಲ್ಲ. ಊಟ ಮಾಡಿ ಬಂದು ಮತ್ತೊಮ್ಮೆ ಅಳಿಸಿ ಹಾಕಿದ. ಆಗಲೂ ಬರಲಿಲ್ಲ.

ಸಂಜೆ ನಾಲ್ಕಕ್ಕೆ ಯಾರೋ ಬರೆದಿದ್ದ ಒಂದೇ ಸಾಲು ಸಿಕ್ಕಿತು. ಈ ಮಾದರಿಯ ಲ್ಯಾಪ್‌ಟಾಪು ಹೆಡ್‌ಫೋನು ಚುಚ್ಚಿದೆ ಎಂದು ಭ್ರಮಿಸಿ ಸ್ಪೀಕರನ್ನು ಮುಚ್ಚಿಬಿಡುತ್ತದೆ. ಸೌಂಡಿನ ಪಟ್ಟಿ ತೆರೆದು, ಹೆಡ್‌ಫೋನು ಪತ್ತೆಹಚ್ಚುವ ಗೆರೆಯ ಮೇಲೆ ಎಂ ಎಂಬ ಅಕ್ಷರ ಒತ್ತಿದರೆ ಸಾಕು. ಒತ್ತಿದ. ಡೋಲು ಬಾರಿಸಿದ ಹಾಗೆ ಸೌಂಡು ಬಂತು.

"ಪದ್ಮಾ, ಬಾರೇ ಇಲ್ಲಿ!" ಎಂದು ಕೂಗಿ ಪೆನ್‌ಡ್ರೈವಿನಿಂದ ಮೊದಲನೇ ಫೈಲು ತೆರೆದ. ಏನೋ ಸಿಗಲಿಲ್ಲ ಎಂದು ಒಂದು ಸಂದೇಶ ಬಂತು. ಓದದೆ ಸರಿ ಎಂದು ಒತ್ತಿದ. ಮೂವತ್ತೆರಡು ನಿಮಿಷ ಎಂದು ತೋರಿಸಿತು. ಮಾತಿನ ಏರಿಳಿತ ಇರಬೇಕಾದ ಕಡೆ ಸ್ಕೇಲು ಇಟ್ಟು ಎಳೆದಂಥ ಒಂದು ಗೆರೆ, ಈ ತುದಿಯಿಂದ ಆ ತುದಿಗೆ.

ಪದ್ಮಾ ಒದ್ದೆ ಕೈಯಲ್ಲೇ ಬಂದು ನಿಂತು ಅರ್ಧ ನಿಮಿಷ ಕಾದಳು. "ಯಾಕ್ರೀ ಆಂಟಿ ಮಾತಾಡ್ತಿಲ್ಲ?"

ಅವನಿಗೆ ಆಗ ಅರ್ಥವಾಯಿತು. ತಾನು ಉಳಿಸಿಕೊಂಡ ಫೈಲು ಬರೀ ಪಟ್ಟಿ. ಯಾವ ಚೂರಾದ ಮೇಲೆ ಯಾವ ಚೂರು ಎಂದು ಬರೆದಿಟ್ಟದ್ದು. ದನಿ ಇದ್ದದ್ದು ಆ ಕಸದಲ್ಲಿ. ಇಪ್ಪತ್ತೊಂದನ್ನೂ ತೆರೆದು ನೋಡಿದ. ಇಪ್ಪತ್ತೊಂದರಲ್ಲೂ ಅದೇ ಗೆರೆ.

ಸೋಮವಾರ ರಜೆ ಹಾಕಿ, ಅಳಿಸಿದ್ದನ್ನು ಹುಡುಕಿಕೊಡುವ ಅಂಗಡಿಗೆ ಹೋದ. ಮೂರು ದಿನ ಬಿಟ್ಟು ಅವರು ಲ್ಯಾಪ್‌ಟಾಪು ಮರಳಿಸಿದರು. ಒಂದು ಸಲ ಅಳಿಸಿದ್ದರೆ ಅಷ್ಟೋ ಇಷ್ಟೋ ಸಿಗುತ್ತಿತ್ತೇನೋ, ಎರಡು ಸಲ ಮೇಲೆ ಬರೆದಿದ್ದೀರಿ, ಏನೂ ಸಿಗಲಿಲ್ಲ ಎಂದರು. ಅವತ್ತು ಶಿವಾನಂದರೇ ಫೋನು ಮಾಡಿದರು. ಚಂದ್ರಮೋಹನನ ಬಾಯಿಂದ ಬಂದದ್ದು ಇಷ್ಟು: "ಡಿಸ್ಕೇ ಹೋಗಿತ್ತು ಸರ್. ಏನೂ ಮಾಡಕ್ಕಾಗ್ಲಿಲ್ಲ."

"ಆತು ಬಿಡಪಾ. ನೀನರ ಏನ್ ಮಾಡ್ತಿ. ಭಾಳ ತ್ರಾಸ್ ತಗೊಂಡಿ."

ಫೋನಿಟ್ಟಾಗ ಪದ್ಮಾ ಅವನ ಮುಖ ನೋಡಲಿಲ್ಲ. ಎದ್ದು ಒಳಗೆ ಹೋದಳು.

ಮುಂದಿನ ಶನಿವಾರ ಲ್ಯಾಪ್‌ಟಾಪು ಹಿಡಿದು ವಿಟ್ಬಿಗೆ ಹೋದ. ಮೇಜಿನ ಮೇಲೆ ಅವನಿಗೆಂದು ಟೊರೊಂಟೊದ ಗೆರಾರ್ಡ್ ಬೀದಿಯ ಇಂಡಿಯನ್ ಅಂಗಡಿಯಿಂದ ತಂದ ಬರ್ಫಿಯ ಡಬ್ಬ. ವಿಜಯಾ ನಕ್ಕು, ಕೂತುಕೋ ಎಂದು ಕೈತೋರಿಸಿದರು. ಕುತ್ತಿಗೆಗೆ ತೆಳು ಸ್ಕಾರ್ಫು ಸುತ್ತಿತ್ತು. ಶಿವಾನಂದರು ಆಗಲೇ ಫೋನಿನ ಸ್ಪೀಕರು ಒತ್ತಿದ್ದರು.

"ಶೇಖಪ್ಪಾ, ಕೆಟ್ಟ ಡಿಸ್ಕ್ ಹಾಕಿ ಕೊಟ್ಟಿಯಲ್ಲೋ! ನಮ್ಮ ಕಡೆಯಾಂವ ಅಂತ ನಿನ್ನ ಹತ್ರ ಬಂದ್ರ ಹಿಂಗ ಮಾಡೂದೇನು?"

"ಸರ, ಎರಡೆರಡು ಸಲ ಟೆಸ್ಟ್ ಮಾಡೇ ಕೊಟ್ಟಿದ್ನಿರಿ" ಎಂದಿತು ಶೇಖಪ್ಪನ ದನಿ. "ಇರ್ಲಿರಿ. ಅಮ್ಮಾರ ದನಿ ಹೋತು ಅಂದ್ರ ನಾ ಏನಂತ ವಾದಾ ಮಾಡ್ಲಿ. ಮುನ್ನೂರಾ ಐವತ್ತೂ ವಾಪಸ್ ಕೊಡ್ತೀನಿ. ಇವತ್ತ ತಂದು ಕೊಡ್ಲೇನ್ರಿ?"

ಚಂದ್ರಮೋಹನ ಕೈಯಲ್ಲಿದ್ದ ಬರ್ಫಿಯನ್ನು ಮರಳಿ ಡಬ್ಬಕ್ಕೆ ಇಟ್ಟ.

"ಸರ್, ಡಿಸ್ಕು ಚೆನ್ನಾಗೇ ಇದೆ." ತನ್ನ ದನಿ ತನಗೇ ಸಣ್ಣದಾಗಿ ಕೇಳಿಸಿತು. "ನಾನೇ ಅಳಿಸಿದ್ದು. ಸೌಂಡು ಸರಿ ಮಾಡೋದು ನನಗೆ ಗೊತ್ತಿರ್ಲಿಲ್ಲ. ಯಾರನ್ನೂ ಕೇಳ್ಲಿಲ್ಲ. ಯಾವುದು ರೆಕಾರ್ಡಿಂಗು ಅನ್ನೋದೂ ನನಗೆ ತಿಳೀಲಿಲ್ಲ. ಆಮೇಲೆ ನಿಮಗೆ ಸುಳ್ಳು ಹೇಳ್ದೆ."

ಶಿವಾನಂದರು ಚಂದ್ರಮೋಹನನ ಕಡೆ ನೋಡದೆ ಫೋನಿನ ಮೇಲೆ ಬಾಗಿದರು. "ಶೇಖಪ್ಪಾ, ತಪ್ಪಾತಪಾ. ಬೈದದ್ದು ಮನಸಿನಾಗ ಇಟ್ಕೋಬ್ಯಾಡ." ಫೋನಿಟ್ಟು, ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತರು. ಅವರ ಬೆನ್ನನ್ನು ನೋಡುತ್ತ ಕೂರುವುದಕ್ಕಿಂತ ನಾಲ್ಕು ಏಟು ತಿನ್ನುವುದು ಸುಲಭ ಅನ್ನಿಸಿತು ಚಂದ್ರಮೋಹನನಿಗೆ.

ಮಾರ್ಕರು ಕಿರುಗುಟ್ಟಿತು. ವಿಜಯಾ ಹಲಗೆಯನ್ನು ಅವನ ಕಡೆ ತಿರುಗಿಸಿದರು. 'ಗೊತ್ತಿಲ್ಲ ಅಂದಿದ್ರ ನಾವೇನು ನಿನ್ನ ಹೊಡೀತಿದ್ವೇನು?'

ಅವನು ಓದಿದ ಮೇಲೆ ಅದನ್ನು ಅಳಿಸಿದರು. ಕಣ್ಣಲ್ಲಿ ನೀರಿತ್ತು, ಸಿಟ್ಟೂ ಇತ್ತು. ಎದ್ದು ಒಳಗೆ ಹೋಗಿ ಒಂದು ನೋಟ್‌ಬುಕ್ಕು ತಂದು, ಒಂದರಿಂದ ಇಪ್ಪತ್ತೊಂದರವರೆಗೆ ಅಂಕಿ ಬರೆದು, ಯಾವ ದಿನ ಏನು ಹೇಳಿದ್ದೆ ಎಂದು ನೆನಪಿಸಿಕೊಳ್ಳತೊಡಗಿದರು. ಹದಿನಾಲ್ಕು ತುಂಬಿತು. ಏಳು ಖಾಲಿ ಉಳಿಯಿತು. ಆಮೇಲೆ ಹಲಗೆಯ ಮೇಲೆ ಬರೆದರು: 'ನಾ ಬರೀತೀನಿ. ಇವರು ಓದ್ತಾರ. ನೀ ರೆಕಾರ್ಡ್ ಮಾಡು. ಹೆಂಗ ಕಾಯ್ದಿಡಬೇಕು ಅನ್ನೂದು ಮೊದಲ ತಿಳದವರನ್ನ ಕೇಳಿಕೊಂಡು ಬಾ.'

ಸೋಮವಾರ ಆಫೀಸಿನಲ್ಲಿ ಊಟದ ಹೊತ್ತಿಗೆ ಅವನು ಆದಿತ್ಯನ ಮೇಜಿನ ಹತ್ತಿರ ಹೋದ. "ನನಗೆ ಇದು ಗೊತ್ತಿಲ್ಲ, ಸ್ವಲ್ಪ ಹೇಳ್ಕೊಡ್ತೀಯಾ?" ಎಂದ. ಆದಿತ್ಯ ಹತ್ತು ನಿಮಿಷದಲ್ಲಿ ಹೇಳಿಕೊಟ್ಟ, ನಗಲಿಲ್ಲ.

ನಾಲ್ಕು ಶನಿವಾರ ಅವನು ವಿಟ್ಬಿಗೆ ಹೋಗಿ ಬಂದ. ವಿಜಯಾ ಬರೆದದ್ದನ್ನು ಶಿವಾನಂದರು ಕನ್ನಡಕ ಏರಿಸಿಕೊಂಡು, ತಡವರಿಸುತ್ತ ಓದಿದರು. ತಾವು ಹಿಮದಲ್ಲಿ ಬಿದ್ದು ಅತ್ತ ಕಥೆಯನ್ನೂ ಅವರೇ ಓದಬೇಕಾಯಿತು. ಹದಿನಾಲ್ಕು ರೆಕಾರ್ಡಿಂಗು ಆದವು. ಮೂರು ಕಡೆ ನಕಲು ಇಟ್ಟರು. ನೆನಪಿಗೆ ಬಾರದ ಏಳು ಹೋದವು. ವಿಜಯಾ ಅವರ ದನಿ ಯಾವುದರಲ್ಲೂ ಇಲ್ಲ.