ಮೂರು ಚೊಂಬು ಹಾಲು

ಒಂಬತ್ತು ವರ್ಷದಿಂದ ಲಿತಾ ಆ ಮನೆಯಲ್ಲಿ ಈರುಳ್ಳಿ ಹೆಚ್ಚಿದ್ದೇ ಹೆಚ್ಚಿದ್ದು. ಊರ ಸಂತನ ಹಬ್ಬಕ್ಕೆ ಬ್ರಿಂಗೆ ಎಂಬ ತೆಂಗಿನ ಹಾಲಿನ ಅನ್ನ ಬೇಯುವ ದೊಡ್ಡ ಬಾಣಲೆಯ ಹತ್ತಿರ ಅತ್ತೆ ತ್ರಿನಿಂಗ್ ಅವಳನ್ನು ಸುಳಿಯಗೊಟ್ಟವರೇ ಅಲ್ಲ. ತಳ ಹಿಡಿದ ಗರಿಗರಿ ಚಕ್ಕೆಯನ್ನು ಹಂಚುವ ಹಕ್ಕು ಅಡುಗೆ ಮಾಡಿದವಳದ್ದು. ಅದು ಅತ್ತೆಯ ತಂಗಿಯರಿಗೆ, ಪಾದ್ರಿಗೆ, ನೆರೆಹೊರೆಗೆ ಹೋಗಿ ಲಿತಾಳ ತಟ್ಟೆಯ ಹೊತ್ತಿಗೆ ಮುಗಿದಿರುತ್ತಿತ್ತು. ಅವಳು ಇಲೋಕೋಸ್ ಕಡೆಯವಳು. ಗಂಡನ ಊರಾದ ಪಂಪಾಂಗಾದ ಹೆಂಗಸರ ಪ್ರಕಾರ ಆ ಕಡೆಯವರಿಗೆ ಕೈಯೂ ಬಿಗಿ, ನಾಲಿಗೆಯೂ ಮೊಂಡು. ಇವರೋ, ಸೌಟು ಹಿಡಿದುಕೊಂಡೇ ಹುಟ್ಟಿದವರು. ಅಬ್ಬಬ್ಬಾ, ಆ ಜಂಬವೇ!

ಈ ಸಲ ಹಬ್ಬಕ್ಕೆ ಮೂರು ದಿನವಿರುವಾಗ ತ್ರಿನಿಂಗ್ ಬಚ್ಚಲಲ್ಲಿ ಜಾರಿ ಬಲಗೈ ಉಳುಕಿಸಿಕೊಂಡರು.

"ಇಮಾ, ನಾನೇ ಮಾಡ್ಲಾ?" ಎಂದಳು ಲಿತಾ. ಅತ್ತೆಯನ್ನೂ ಅವಳು ಅಮ್ಮನ ಹಾಗೆ ಇಮಾ ಎಂದೇ ಕರೆಯುತ್ತಿದ್ದಳು.

ಅತ್ತೆ ಮೂಗು ಮುರಿದರು. "ಇನ್ನೇನು ಗತಿ? ಆದ್ರೆ ಕೆಡಿಸಿದ್ಯೋ, ಸಾಯೋವರೆಗೂ ಈರುಳ್ಳಿನೇ ನಿಂಗೆ."

ಇದು ತಮಾಷೆಯ ಮಾತಲ್ಲವೆಂದು ಲಿತಾಗೆ ಚೆನ್ನಾಗಿ ಗೊತ್ತಿತ್ತು.

ಹಬ್ಬದ ಬೆಳಿಗ್ಗೆ ಹಿತ್ತಲಲ್ಲಿ ಒಲೆ ಹೊತ್ತಿತು. ಬೆಳ್ಳುಳ್ಳಿ, ಕೋಳಿ ಹುರಿದು, ನೆನೆಸಿದ ಅಂಟಕ್ಕಿ ಸುರಿದು, ಅರಿಶಿನ ಕದಡಿದ ತೆಂಗಿನ ಹಾಲನ್ನು ಚೊಂಬಿನಲ್ಲಿ ಅಳೆದು ಹೊಯ್ದಳು. ಅತ್ತೆ ಕುರ್ಚಿಯಲ್ಲಿ ಕೂತು ಹಳೇ ಪುರಾಣ ತೆಗೆದರು. "ಸ್ಪೇನಿನ ದೊರೆಗಳು ಅನ್ನಕ್ಕೆ ಕೇಸರಿ ಬೇಕು ಅಂತ ಕುಣಿದ್ರಂತೆ. ನಮ್ಮ ಮುತ್ತಜ್ಜಿ ಅರಿಶಿನ ಹಾಕಿ ಕೊಟ್ಳು ನೋಡು, ತಟ್ಟೆ ನೆಕ್ಕಿದ್ರು!"

ಬಾಣಲೆ ಮುಚ್ಚಲು ಬಾಳೆಎಲೆ ಸಾಲಲಿಲ್ಲ. ಲಿತಾ ಹೋಗಿ ಕೊಯ್ದು ತಂದು, ಗಡಿಬಿಡಿಯಲ್ಲಿ ಮುಚ್ಚಿದಳು. ಅರ್ಧ ಗಂಟೆ ಬಿಟ್ಟು ಎಲೆಯ ತುದಿ ಎತ್ತಿ ಇಣುಕಿದಳು. ಒಳಗೆ ಗಂಜಿ!

ತಿರುಗಿ ನೋಡಿದಳು. ಅತ್ತೆಯ ತಂಗಿಯರಾದ ಪಾಸಿಂಗ್ ಮತ್ತು ಮಾಮೆಂಗ್ ಗೋಡೆಗೊರಗಿ ಆಕಾಶ ನೋಡುತ್ತಿದ್ದರು.

"ಯಾರು ಹಾಲು ಹಾಕಿದ್ದು?"

"ಒಂದೇ ಚೊಂಬು ಕಣೇ," ಎಂದರು ಪಾಸಿಂಗ್. "ನಿಮ್ಕಡೆಯವ್ರು ಹಾಲು ಹಾಕೋಕೆ ಹಿಂದೆ ಮುಂದೆ ನೋಡ್ತೀರಲ್ಲ, ಪಾಪ ಅಂತ..."

"ಅಯ್ಯೋ, ನೀನೂ ಹಾಕಿದ್ಯಾ?" ಮಾಮೆಂಗ್ ಬಾಯಿ ಮೇಲೆ ಕೈಯಿಟ್ಟುಕೊಂಡರು. "ನಾನೂ ಅದಕ್ಕೇ ಒಂದು ಚೊಂಬು..."

ಎರಡು ಚೊಂಬಿಗೆ ಅನ್ನ ಈ ಪರಿ ಈಜುವುದಿಲ್ಲ. ಅತ್ತೆ ಮಾತ್ರ ತಮ್ಮ ಬ್ಯಾಂಡೇಜನ್ನು ಬಹಳ ಶ್ರದ್ಧೆಯಿಂದ ಪರೀಕ್ಷಿಸುತ್ತಿದ್ದರು. ಅವರ ಎಡಗೈ ಬೆರಳುಗಳೆಲ್ಲ ಹಳದಿ! ಲಿತಾ ಅದನ್ನು ಕಂಡು ಒಲೆಯ ಕಡೆ ತಿರುಗಿದಳು.

ಚರ್ಚಿನ ಗಂಟೆ ಹೊಡೆಯಿತು. ಇನ್ನೇನು ಜನ ಬಂದೇ ಬಿಡುತ್ತಾರೆ. "ರೊಡೆಲ್!" ಎಂದು ಗಂಡನನ್ನು ಕೂಗಿದಳು. "ಬಂದವ್ರನ್ನ ಹಾಡಲ್ಲಿ ಹಿಡಿದಿಡು!"

ರೊಡೆಲ್‌ಗೆ ಅಷ್ಟು ಸಾಕಿತ್ತು, ಮೈಕು ಕಚ್ಚಿಕೊಂಡ. ಲಿತಾ ಸೌದೆ ಎಳೆದು ಕೆಂಡ ಮಾತ್ರ ಉಳಿಸಿ, ಹಬೆ ಹೋಗಲೆಂದು ಎಲೆ ಸರಿಸಿದಳು.

"ಕಲಕೇ, ಕಲಕು!" ತಂಗಿಯರಿಬ್ಬರ ಕೈ ತುರಿಸುತ್ತಿತ್ತು.

"ಕಲಕಿದ್ರೆ ಪೂರ್ತಿ ಅಂಟೇ ಆಗತ್ತೆ, ದಾರಾ. ಬಾಣಲೆ ಮುಟ್ಟಿದ್ರೋ, ಇವತ್ತಿನ ಈರುಳ್ಳಿ ನಿಮ್ಮ ತಲೆಗೇ!"

ದಾರಾ ಎಂದು ಕರೆಯುವ ಈ ಚಿಕ್ಕತ್ತೆಯರಿಗೆ ಒಂಬತ್ತು ವರ್ಷದಲ್ಲಿ ಅವಳು ಎದುರಾಡಿದ್ದು ಅದೇ ಮೊದಲು. ಇಬ್ಬರೂ ಕೈ ಹಿಂದೆ ಕಟ್ಟಿಕೊಂಡರು.

ರೊಡೆಲ್ ಏಳು ಹಾಡು ಹಾಡಿದ. ಅತಿಥಿಗಳು ಹೊಟ್ಟೆಗೆ ಹಾಕಿಕೊಂಡರು, ಹೊಟ್ಟೆಗೆ ಬೇರೇನೂ ಬಿದ್ದಿರಲಿಲ್ಲವಲ್ಲ. ಎಂಟನೆಯದರ ನಡುವೆ ಬಾಣಲೆ ಚರಚರ ಸದ್ದು ಮಾಡಿತು. ಹಾಲು ಇಂಗಿ ಎಣ್ಣೆ ಬಿಟ್ಟಿತ್ತು! ಬಾಳೆಎಲೆ ಹಾಸಿದ ತಟ್ಟೆಗೆ ಬೋರಲು ಹಾಕಿದರೆ ಹಳದಿ ಅನ್ನ ಮಿರಮಿರ ಮಿಂಚಿತು. ಮೇಲೆ ಹೆಬ್ಬೆರಳು ದಪ್ಪದ ಚಕ್ಕೆ. ಅಷ್ಟು ದಪ್ಪದ್ದನ್ನು ಆ ಮನೆಯಲ್ಲಿ ಯಾರೂ ಕಂಡಿರಲಿಲ್ಲ. ಮೂರು ಚೊಂಬಿನ ಪುಣ್ಯ.

ಸೌಟು ಈಗ ಲಿತಾಳ ಕೈಯಲ್ಲಿತ್ತು. ಜನ ತಟ್ಟೆ ಹಿಡಿದು ಮುಗಿಬಿದ್ದರು. ಎಲ್ಲರ ಹಿಂದೆ, ಹಳದಿ ಬೆರಳಿನ ಎಡಗೈಯಲ್ಲಿ ತಟ್ಟೆ ಹಿಡಿದು ತ್ರಿನಿಂಗ್ ನಿಂತಿದ್ದರು.

"ನಂಗೂ ಒಂಚೂರು ಚಕ್ಕೆ ಹಾಕ್ತೀಯೇನಮ್ಮಾ?"

ಲಿತಾಳ ಕಣ್ಣು ತುಂಬಿ ಬಂತು. ಸುತ್ತಮುತ್ತ ಎಲ್ಲೂ ಈರುಳ್ಳಿ ಇರಲಿಲ್ಲ. ಎಲ್ಲಕ್ಕಿಂತ ದೊಡ್ಡ ಚಕ್ಕೆ ಮುರಿದು ಅತ್ತೆಯ ತಟ್ಟೆಗಿಟ್ಟಳು.

"ಇಷ್ಟೊಂದಾ!"

"ನಮ್ಕಡೆಯವ್ರ ಕೈ ಬಿಗಿ ಅಲ್ವಾ ಇಮಾ."

ತ್ರಿನಿಂಗ್ ಕರುಂ ಎಂದು ಕಚ್ಚಿ, ಕಣ್ಣು ಮುಚ್ಚಿ ಅಗಿದರು. ಆಮೇಲೆ ಹೇಳಿದರು, "ಬರೋ ವರ್ಷ ಈರುಳ್ಳಿ ನಾನು ಹೆಚ್ತೀನಿ ಬಿಡು."