ಕಿಟಕಿಯ ದಾರ

ಕಿಟಕಿಯ ಸರಳಿನಿಂದ ಇಳಿಬಿದ್ದಿದ್ದ ಬಿಳಿ ದಾರಕ್ಕೆ ಚಿಕ್ಕಮ್ಮ ಕತ್ತರಿ ಹಿಡಿದಿದ್ದಳು. ಹುಡುಗಿ ಅಡ್ಡ ಕೈ ಇಟ್ಟಳು.

"ಹೂವು ಕಟ್ಟೋಕೆ ಒಂದು ಮೊಳ ಸಾಕು ಕಣೇ. ಮನೆ ತುಂಬ ದಾರ, ಬೇಕಾದಾಗ ಕೈಗೆ ಒಂದೂ ಸಿಗಲ್ಲ."

"ಅದು ಬೇಡ ಚಿಕ್ಕಮ್ಮ. ಅದರಲ್ಲಿ ಗಂಟಿದೆ."

ಚಿಕ್ಕಮ್ಮ ಎರಡು ಸಲ "ಏನು?" ಎಂದಳು. ಹುಡುಗಿಯ ದನಿ ಅಷ್ಟು ಸಣ್ಣದು. ಬಾಗಿಲಲ್ಲಿ ನಿಂತಿದ್ದ ಎದುರಂಗಡಿಯ ಟೈಲರ್‌ಗೆ ಕೇಳಿಸಿತು.

"ಕತ್ತರಿಸ್ಬೇಡಿ ಅಮ್ಮ. ಒಂದು ಗಂಟು ನಂದಿದೆ."

ಕೋಣೆಯ ನಡುವೆ ದೊಡ್ಡಮ್ಮ ಬಿಳಿ ಹೊದಿಕೆಯಡಿ ಮಲಗಿದ್ದಳು. ನಿನ್ನೆ ಸಂಜೆ ಈ ಕಿಟಕಿಯ ಕುರ್ಚಿಯಲ್ಲೇ, ತೊಡೆಯ ಮೇಲೆ ಯಾರದೋ ಕಂದು ಕೋಟು ಹರವಿಕೊಂಡು ಕೂತವಳು, ಕೂತಂತೆಯೇ ಹೋಗಿದ್ದಳು. ಸೂಜಿ ಇನ್ನೂ ಕೋಟಿನಲ್ಲೇ ಇತ್ತು.

*

ದೊಡ್ಡಮ್ಮನದು ರಫೂ ಕೆಲಸ. ಹರಿದ ಬಟ್ಟೆಯ ಒಳ ಅಂಚಿನಿಂದಲೇ ಎಳೆ ತೆಗೆದು, ತೂತಿದ್ದ ಜಾಗವನ್ನು ಮತ್ತೆ ನೇಯುವುದು. ಒಂದೆಳೆ ಮೇಲೆ, ಒಂದೆಳೆ ಕೆಳಗೆ. ಲೆಕ್ಕ ತಪ್ಪಿದರೆ ಎಲ್ಲ ಬಿಚ್ಚಬೇಕು. ಹಾಗಾಗಿ ಸೂಜಿ ಹಿಡಿದಾಗ ಅವಳು ಯಾರಿಗೂ ಓಗೊಡುತ್ತಿರಲಿಲ್ಲ. ಕರೆದರೆ ಎಡಗೈ ಮಾತ್ರ ಕಿಟಕಿಯ ದಾರದತ್ತ ಹೋಗಿ, ಒಂದು ಗಂಟು ಹಾಕಿ, ಮರಳಿ ಬರುತ್ತಿತ್ತು. ಕಣ್ಣು ಬಟ್ಟೆಯಲ್ಲೇ. ಆ ಹೊತ್ತಿನಲ್ಲಿ ಕೋಣೆ ನೀರಿನೊಳಗೆ ಇಳಿದಂತಿರುತ್ತಿತ್ತು. ಬೀದಿಯ ಸದ್ದೆಲ್ಲ ಎಲ್ಲೋ ಮೇಲೆ ತೇಲುತ್ತಿತ್ತು.

ಬೆಳಕು ಇಳಿದ ಮೇಲೆ ಕನ್ನಡಕ ತೆಗೆದು, ಗಂಟುಗಳನ್ನು ಒಂದೊಂದಾಗಿ ಬಿಚ್ಚುತ್ತ ಕೇಳುತ್ತಿದ್ದಳು, "ಹೂಂ, ಮೊದಲನೇ ಗಂಟು ಯಾರದು? ಹೇಳಿ." ಆಗ ಅವಳ ಕಿವಿ ಪೂರ್ತಿ ಅವರದೇ.

ಶಾಲೆ ಬಿಟ್ಟು ಈ ಮನೆಗೆ ಬಂದ ಮೂರು ವರ್ಷದಲ್ಲಿ ಹುಡುಗಿ ಒಮ್ಮೆಯೂ ಅವಳನ್ನು ಕೆಲಸದ ನಡುವೆ ಕರೆದಿರಲಿಲ್ಲ. ನಿನ್ನೆ ಕರೆದಳು. ಎಲ್ಲರೂ ಬಂದು ಹೋದ ಮೇಲೆ ಬಾಗಿಲ ಬಳಿ ನಿಂತು, "ದೊಡ್ಡಮ್ಮ, ನಂಗೂ ಕಲಿಸ್ತೀಯಾ?" ಎಂದಳು. ಗೋಡೆಗೂ ಕೇಳಿಸದಷ್ಟು ಮೆಲ್ಲಗೆ. ದೊಡ್ಡಮ್ಮ ತಲೆ ಎತ್ತಲಿಲ್ಲ. ಅವಳ ಕೈಯತ್ತ ನೋಡುವ ಧೈರ್ಯವಾಗದೆ ಹುಡುಗಿ ಅಡುಗೆಮನೆಗೆ ಓಡಿದ್ದಳು.

*

"ಮೂರಿದೆ," ಟೈಲರ್ ಎಣಿಸಿದ. "ಮೇಲಿನ ದಪ್ಪದ್ದು ನಂದು. ಜೋರಾಗಿ ಕೂಗಿದವರಿಗೆ ದಪ್ಪ ಗಂಟು ಹಾಕ್ತಿದ್ರು, ಬೇಕು ಅಂತಲೇ."

"ಎರಡನೇದು ನಂದು ಕಣಪ್ಪ," ಎಂದಳು ಮಹಡಿ ಮನೆಯ ಅಜ್ಜಿ. "ಸೂಜಿಗೆ ದಾರ ಪೋಣಿಸ್ಕೊಡು ಅಂತ ಬಂದಿದ್ದೆ. ನನ್ನ ಸರದಿ ಬರೋ ಮುಂಚೆ ಎದ್ದು ಹೋದ್ಲು ನೋಡು."

ಚಿಕ್ಕಮ್ಮ ಕತ್ತರಿ ಕೆಳಗಿಟ್ಟಳು. "ಹಾಗಾದ್ರೆ ಮೂರನೇದು ನಂದು. ಬೀದಿಯಿಂದಲೇ ಕರೆದಿದ್ದೆ. ನಾನು ಹುಟ್ಟಿದಾಗಿಂದ ಅಕ್ಕನ ಹತ್ರ ಸರದೀಲೇ ನಿಂತಿದೀನಿ."

ಅಜ್ಜಿ ನಕ್ಕಳು, ನಗುತ್ತಲೇ ಕಣ್ಣೊರೆಸಿಕೊಂಡಳು.

"ನಮ್ಮ ಪಿಸುಮಾತಿನ ಹುಡುಗೀದು ಒಂದೂ ಇಲ್ವಾ?" ಟೈಲರ್ ಕೇಳಿದ. ಹುಡುಗಿ ಇಲ್ಲವೆಂದು ತಲೆಯಾಡಿಸಿದಳು.

ಹೊರಗೆ ಗಾಡಿ ಬಂದು ನಿಂತಿತು.

*

ಎಲ್ಲ ಮುಗಿಸಿ ಮನೆಗೆ ಬಂದಾಗ ಬಿಸಿಲು ಖಾಲಿ ಕುರ್ಚಿಯ ಮೇಲೆ ಕೂತಿತ್ತು. ಹುಡುಗಿ ಅದರ ಪಕ್ಕಕ್ಕೆ ನಿಂತು ದಾರವನ್ನು ಬೆರಳ ನಡುವೆ ಹಿಡಿದು ಮೇಲಿನಿಂದ ಕೆಳಕ್ಕೆ ಜಾರಿಸಿದಳು. ಟೈಲರ್. ಅಜ್ಜಿ. ಚಿಕ್ಕಮ್ಮ. ಅಲ್ಲಿಂದ ಕೆಳಗೆ ದಾರ ನುಣ್ಣಗಿತ್ತು. ಇನ್ನೂ ಕೆಳಗೆ, ತುದಿಯ ಹತ್ತಿರ, ಬೆರಳಿಗೆ ಮರಳ ಕಣದಂಥದ್ದೇನೋ ತಗುಲಿತು. ಮತ್ತೊಮ್ಮೆ ಜಾರಿಸಿದಳು. ಮತ್ತೆ ತಗುಲಿತು. ಕಣ್ಣಿಗೆ ಕಾಣದಷ್ಟು ಸಣ್ಣ ಗಂಟು.

ಅವಳು ಅದನ್ನು ಬಿಚ್ಚಲಿಲ್ಲ. ಕುರ್ಚಿಯಲ್ಲಿ ಕೂತು, ಕೋಟನ್ನು ತೊಡೆಯ ಮೇಲೆಳೆದುಕೊಂಡು, ನಿನ್ನೆ ನಿಂತಿದ್ದ ಸೂಜಿಯನ್ನು ಹಿಡಿದಳು. ಒಂದೆಳೆ ಮೇಲೆ. ಒಂದೆಳೆ ಕೆಳಗೆ. ಬೀದಿಯ ಸದ್ದು ನಿಧಾನವಾಗಿ ಮೇಲಕ್ಕೆ ತೇಲತೊಡಗಿತು.

"ಏ ಬಾರೇ, ಒಂದು ತುತ್ತು ತಿನ್ನು," ಅಡುಗೆಮನೆಯಿಂದ ಚಿಕ್ಕಮ್ಮ ಕರೆದಳು. "ನಿನ್ನೆಯಿಂದ ಹೊಟ್ಟೆಗೆ ಏನೂ ಬಿದ್ದಿಲ್ಲ."

ಹುಡುಗಿಯ ಕಣ್ಣು ಬಟ್ಟೆಯಲ್ಲೇ ಇತ್ತು. ಎಡಗೈ ಮಾತ್ರ ದಾರದತ್ತ ಹೋಯಿತು.