ಮಾತ್ರೆ ನುಂಗಿದರೂ ನಿಲ್ಲದ ದನಿ

ಮಧ್ಯಾಹ್ನದ ಬುತ್ತಿ ಹೊತ್ತು ಪಾಲಮ್ಮ ಧರ್ಮಪುರದ ಕಡೆಯ ಹೊಲಕ್ಕೆ ಬಂದಾಗ ಕುರಿಮಂದೆಯ ಹತ್ತಿರ ಮಗನಿರಲಿಲ್ಲ. ಜುಂಜೇಶ್ ಹಾಳುಬಾವಿಯ ಅಂಚಿನಲ್ಲಿ ಬಗ್ಗಿ, ಒಳಗೆ ಕಿವಿಗೊಟ್ಟು ನಿಂತಿದ್ದ.

"ಅವ್ವಾ, ಕೆಳಗಿಂದ ಕರೀತವ್ರೆ. ಬಂದೆ ಅಂತ ಹೇಳಿದೀನಿ."

ಬಾವಿಯಲ್ಲಿ ನೀರಿರಲಿಲ್ಲ, ಜನರೂ ಇರಲಿಲ್ಲ. ಕುರಿಗಳೆಲ್ಲ ಮೇವು ಬಿಟ್ಟು ಬಾವಿಯ ಕಡೆಗೇ ನೋಡುತ್ತಿದ್ದವು. ತನಗೂ ಏನೋ ಕೇಳಿಸಿದಂತಾಗಿ ಪಾಲಮ್ಮನ ಮೈ ಜುಮ್ಮೆಂದಿತು. ಮಗನ ರಟ್ಟೆ ಹಿಡಿದು ಹಟ್ಟಿಗೆ ಎಳೆದುತಂದಳು.

ಹೋದ ವರ್ಷ ಇದೇ ದನಿಗಳಿಗೆ ಡಾಕ್ಟರು ಸ್ಕಿಜೋಫ್ರೇನಿಯಾ ಎಂದು ಹೇಳಿ ಮಾತ್ರೆ ಕೊಟ್ಟಿದ್ದರು. ದನಿ ಅಡಗಿತ್ತು, ಮಗ ಮತ್ತೆ ಮಂದೆಯ ಜೊತೆ ಹೊರಟಿದ್ದ. ಈಗ ಮತ್ತೆ ಶುರು!

"ಗಾಳಿ ಹಿಡಿದೈತೆ ಕಣೇ, ಇದು ಮಾತ್ರೆಗೆ ಬಗ್ಗಲ್ಲ. ಬಿಸಾಕು," ಎಂದು ಗಂಡ ಜುಂಜಯ್ಯ ಗದರಿದ. ಪಾಲಮ್ಮನಿಗೂ ದಿಕ್ಕು ತೋಚಲಿಲ್ಲ. ಊಟವಾದ ಮೇಲೆ ದಿನವೂ ಮಾತ್ರೆ ನುಂಗಿಸುತ್ತಿದ್ದವಳು ಅವಳೇ.

ಪಾಲಮ್ಮ ಹೇಳಿಕಳಿಸಿದ್ದರಿಂದ ಆಶಾ ಕಾರ್ಯಕರ್ತೆ ಮೀನಾಕ್ಷಿ ಹಟ್ಟಿಗೆ ಬಂದವಳೇ ಜುಂಜೇಶನ ಬೆರಳು ನೋಡಿದಳು. ಹಳದಿಗಟ್ಟಿದ್ದವು.

"ಬೀಡಿ ಎಷ್ಟು ಸೇದ್ತೀಯಪ್ಪ?"

"ದಿನಕ್ಕೆ ಎರಡು ಕಟ್ಟು."

ಗೊಬ್ಬರಕ್ಕೆಂದು ಹೊಲದಲ್ಲಿ ಕುರಿಮಂದೆ ತಂಗಿಸಿದವರಿಗೆ ಹೊಲದವರು ಕಾಳಿನ ಜೊತೆ ಬೀಡಿ ಕಟ್ಟನ್ನೂ ಕೊಡುತ್ತಿದ್ದರು. ಮಗ ಮತ್ತೆ ಮಂದೆಯ ಜೊತೆ ಹೊರಟ ಮೇಲೆ, ಬೇಸರ ಕಳೆಯಲಿ ಎಂದು ಜುಂಜಯ್ಯ ತನ್ನ ಪಾಲಿನಲ್ಲೂ ಅರ್ಧ ಅವನಿಗೇ ಕೊಡುತ್ತಿದ್ದ.

"ಅಣ್ಣಾ, ನಮ್ಮ ಲಿವರ್‌ನಲ್ಲಿ ಕಿಣ್ವ ಅಂತ ಅವೆ. ನುಂಗಿದ ಔಷಧಿನ ಒಡೆದು ಹೊರಗೆ ಹಾಕೋದು ಅವೇ. ಬೀಡಿ ಹೊಗೆ ಹೋದಂಗೆಲ್ಲ ಅದ್ರಾಗೆ ಒಂದು ಕಿಣ್ವ ಜಾಸ್ತಿ ಆಗ್ತೈತೆ. ಇವನು ತಗೊಳ್ಳೋ ಅಂಥ ಮಾತ್ರೆ ಮಿದುಳಿಗೆ ಸಾಕಷ್ಟು ಮುಟ್ಟೋ ಮೊದ್ಲೇ ಖಾಲಿ."

"ನಾನೂ ಸೇದ್ತೀನಲ್ಲಮ್ಮ, ನನ್ನ ಯಾರೂ ಕರೀಲಿಲ್ಲ!" ಎಂದ ಜುಂಜಯ್ಯ.

"ನೀವು ಆ ಮಾತ್ರೆ ನುಂಗ್ತಿಲ್ವಲ್ಲ. ಬೀಡಿಯಿಂದ ಕಾಯಿಲೆ ಬಂತು ಅಂತಿಲ್ಲ ನಾನು, ಮಾತ್ರೆ ಕೆಲ್ಸ ಕೆಡ್ತು ಅಂದೆ. ನಡೀರಿ, ಡಾಕ್ಟರ ಹತ್ರ ಹೋಗಾಣ. ಬೀಡಿ ಬಿಡೋದನ್ನೂ ಅವರಿಗೆ ಹೇಳೇ ಬಿಡಬೇಕು. ಥಟ್ ಅಂತ ಬಿಟ್ರೆ ಔಷಧಿ ಮೈಯಾಗೆ ಏರಿಬಿಡ್ತೈತೆ."

ಜುಂಜಯ್ಯ ತಲೆಯ ಮೇಲೆ ಕೈಹೊತ್ತ. "ನಾನೇ ಕೊಟ್ನಲ್ಲೋ ಮಗನೇ," ಎಂದ.

ಡಾಕ್ಟರು ಬೀಡಿ ಬಿಡಿಸುತ್ತ, ಅದಕ್ಕೆ ತಕ್ಕಂತೆ ಮಾತ್ರೆ ಸರಿಪಡಿಸಿದರು. ಎರಡು ತಿಂಗಳ ಮೇಲೆ ಒಂದು ದಿನ ಜುಂಜೇಶ್ ಅಂದ: "ಈಗ್ಲೂ ಒಂದೊಂದ್ಸಲ ಕರೀತವ್ರೆ ಅವ್ವಾ. ನಾನು ಓ ಅನ್ನಲ್ಲ."

ಬಂಧುಗಳೇ, ನಿಮ್ಮ ಮನೆಯವರಿಗೂ ಇಲ್ಲದ ದನಿ ಕೇಳಿಸುತ್ತಿದ್ದರೆ ಗಾಳಿ ಎಂದು ಕೈಬಿಡಬೇಡಿ. ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ, ಹೆಚ್ಚಿಸಲೂಬೇಡಿ. ಬೀಡಿ, ಸಿಗರೇಟಿನ ವಿಷಯವನ್ನು ಡಾಕ್ಟರಿಂದ ಮುಚ್ಚಿಡಬೇಡಿ. ದಾರಿ ತೋಚದಿದ್ದರೆ ಸರ್ಕಾರದ ಉಚಿತ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ದಿನಕ್ಕೆಷ್ಟು ಸೇದುತ್ತೀಯ ಎಂದು ಇವತ್ತೇ ಕೇಳಿ. ಬೈಯದೆ ಕೇಳಿ.